ಮನೆ ಐಪಿಎ ಸರಿ ಬರ್ತಿಲ್ವಾ? ರೆಸಿಪಿ ಬದಲಿಸುವ ಮೊದಲು ಇಷ್ಟು ನೋಡಿ

ಐಪಿಎ (ಇಂಡಿಯಾ ಪೇಲ್ ಏಲ್, ಹಾಪ್ಸ್‌ನ ಕಹಿ ಮತ್ತು ಪರಿಮಳ ಮುಂದಿರುವ ಬಿಯರ್) ರುಚಿ ಕೆಟ್ಟರೆ ಎಲ್ಲರ ಕೈ ಮೊದಲು ಹೋಗುವುದು ರೆಸಿಪಿ ಮೇಲೆ. ಪರಿಮಳ ಸಾಲಲಿಲ್ಲವಾ, ಇನ್ನೂ 50 ಗ್ರಾಂ ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಸುರಿ. ಕಹಿ ಜಾಸ್ತಿ ಆಯ್ತಾ, ಹಾಪ್ಸ್ ತಳಿಯನ್ನೇ ಬದಲಿಸು. ದುಡ್ಡು ಹೋಗುತ್ತದೆ, ದೋಷ ಅಲ್ಲೇ ಇರುತ್ತದೆ. ಮನೆಯಲ್ಲಿ ಮಾಡಿದ ಐಪಿಎ ಕೆಡುವುದು ಹೆಚ್ಚಾಗಿ ಮೂರರಿಂದ: ಗಾಳಿ, ನೀರು, ತಾಪಮಾನ. ಈ ಮೂರನ್ನೂ ನೋಡಿ ಮುಗಿಸುವ ತನಕ ರೆಸಿಪಿ ಚೀಟಿಯನ್ನು ಮುಟ್ಟಬೇಡಿ.

ಇದನ್ನು ಬರೆದಿರುವುದು ಅಮೆರಿಕದಲ್ಲಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು. ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನಿನಿಂದಾಗಿ ಅಲ್ಲಿ ಒಬ್ಬ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್ ಬಿಯರ್ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮನೆಯಲ್ಲಿ ಮಾಡುವುದು ಅಪರಾಧ. ಬೆಂಗಳೂರಿನವರು ಬ್ರೂಪಬ್‌ನಲ್ಲಿ ಕೂತು ಈ ದೋಷಗಳನ್ನು ಗುರುತು ಹಿಡಿಯಬಹುದು, ಅಷ್ಟೆ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಸಾದಾ ವೆಸ್ಟ್ ಕೋಸ್ಟ್ ಐಪಿಎಯನ್ನು (ತಿಳಿಯಾದ, ಕಹಿ ಮುಂದಿರುವ ಬಗೆ) ಮುಂದಿಟ್ಟುಕೊಳ್ಳೋಣ. 19 ಲೀಟರ್ ಬ್ಯಾಚ್. ಸುಮಾರು 5.5 ಕೆಜಿ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮ್ಯಾಶ್ (ಸಕ್ಕರೆ ಬಿಡಿಸಲು ಮಾಲ್ಟನ್ನು ಬಿಸಿನೀರಲ್ಲಿ ನೆನೆಸುವುದು). 60 ನಿಮಿಷದ ಕುದಿತಕ್ಕೆ 25 ಗ್ರಾಂ ಮ್ಯಾಗ್ನಮ್ ಹಾಪ್ಸ್. ಒಲೆ ಆರಿಸಿ 80 ಡಿಗ್ರಿಗೆ ಇಳಿದ ಮೇಲೆ 60 ಗ್ರಾಂ ಸೆಂಟೆನಿಯಲ್. ಡ್ರೈ ಹಾಪ್‌ಗೆ ಸಿಟ್ರಾ ಮತ್ತು ಸೆಂಟೆನಿಯಲ್ ಸೇರಿ 120 ಗ್ರಾಂ; ಡ್ರೈ ಹಾಪ್ ಅಂದರೆ ಹುದುಗುವ ಬಿಯರಿಗೇ ನೇರವಾಗಿ ಹಾಕುವ ಹಾಪ್ಸ್. ಒಂದು ಪೊಟ್ಟಣ ಯುಎಸ್-05 ಯೀಸ್ಟ್. ಆರಂಭದ ಗ್ರ್ಯಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆ ಎಷ್ಟಿದೆ ಅನ್ನುವುದರ ಅಳತೆ) 1.062, ಕೊನೆಯದ್ದು 1.011, ಆಲ್ಕೋಹಾಲ್ ಸುಮಾರು 6.7%. ಇದರಲ್ಲಿ ಮಾಲ್ಟ್ ತೀರಾ ಸರಳ. ಹಾಗಾಗಿ ತಪ್ಪು ಎಲ್ಲಿದ್ದರೂ ಎದ್ದು ಕಾಣುತ್ತದೆ.

ಮೊದಲು ಅಳೆಯುವ ಸಾಮಾನು

ಹೈಡ್ರೋಮೀಟರನ್ನು (ಗ್ರ್ಯಾವಿಟಿ ಅಳೆಯುವ, ತೇಲುವ ಕೊಳವೆ) 20 ಡಿಗ್ರಿಯ ಬರೀ ನೀರಿಗೆ ಬಿಡಿ. 1.000 ತೋರಿಸಬೇಕು. ಕೆಲವನ್ನು 15.6 ಡಿಗ್ರಿಗೆ ಹೊಂದಿಸಿರುತ್ತಾರೆ, ಒಳಗಿನ ಚೀಟಿ ಓದಿ. ಥರ್ಮಾಮೀಟರನ್ನು ಪುಡಿ ಐಸ್ ತುಂಬಿದ ನೀರಿಗೆ ಹಿಡಿದರೆ 0 ಬರಬೇಕು. ಮ್ಯಾಶ್ 65 ಅಂದುಕೊಂಡಿದ್ದು ನಿಜಕ್ಕೂ 69 ಆಗಿದ್ದರೆ ಮುಂದಿನ ಯೋಚನೆಯೆಲ್ಲ ವ್ಯರ್ಥ.

ರಿಫ್ರ್ಯಾಕ್ಟೋಮೀಟರ್ (ಬೆಳಕು ಬಾಗುವುದರಿಂದ ಸಕ್ಕರೆ ಅಳೆಯುವ ಸಾಧನ) ಇಟ್ಟುಕೊಂಡವರಿಗೆ ಒಂದು ಮಾತು. ಆಲ್ಕೋಹಾಲ್ ಸೇರಿದ ಮೇಲೆ ಅದು ಸುಳ್ಳು ಹೇಳುತ್ತದೆ. ಬಿಯರ್ ನಿಜವಾಗಿ 1.011ಕ್ಕೆ ಇಳಿದಿದ್ದರೂ ಅದರಲ್ಲಿ ಜಾಸ್ತಿ ಕಾಣುತ್ತದೆ. "ಹುದುಗು ನಿಂತುಬಿಟ್ಟಿದೆ" ಅನ್ನುವ ಎಷ್ಟೋ ದೂರುಗಳ ಮೂಲ ಇದೇ. ತಿದ್ದುವ ಸೂತ್ರ ಬಳಸಿ, ಇಲ್ಲವೇ ಕೊನೆಯ ಅಳತೆಗೆ ಹೈಡ್ರೋಮೀಟರ್ ಬಳಸಿ.

ಲಕ್ಷಣ: ಮೊದಲ ವಾರ ಘಮಘಮ, ಮೂರನೇ ವಾರಕ್ಕೆ ಏನೂ ಇಲ್ಲ

ಐಪಿಎ ಮಾಡುವವರನ್ನು ಅತಿ ಹೆಚ್ಚು ಕಾಡುವುದು ಇದೇ. ಬಣ್ಣ ಮೊದಲು ಸುಳಿವು ಕೊಡುತ್ತದೆ. ತಿಳಿ ಹಳದಿ ಹೋಗಿ ಕಂದು ತಿರುಗುತ್ತದೆ. ಹೇಜಿ (ಮಬ್ಬಾಗಿರುವ ಬಗೆಯ) ಐಪಿಎ ಆದರೆ ಬೂದು, ನೇರಳೆ ಛಾಯೆ ಬರುವುದೂ ಉಂಟು. ಮೂಗಿಗೆ ಮಾವು, ಕಿತ್ತಳೆ ಬದಲು ಜ್ಯಾಮ್, ಜೇನು, ಕೊನೆಗೆ ನೆನೆದ ರಟ್ಟಿನ ವಾಸನೆ. ರುಚಿ ಸಿಹಿಯ ಕಡೆ ವಾಲುತ್ತದೆ. ಬಣ್ಣ ಮತ್ತು ಪರಿಮಳ ಎರಡೂ ಒಟ್ಟಿಗೆ ಕೆಟ್ಟಿದ್ದರೆ ಬಿಯರ್‌ಗೆ ಆಮ್ಲಜನಕ ತಗುಲಿದೆ ಎಂದೇ ತಿಳಿಯಿರಿ. ಇಲ್ಲಿ ಇನ್ನಷ್ಟು ಹಾಪ್ಸ್ ಹಾಕುವುದು ದಂಡ. ಹಾಪ್ಸ್ ಜಾಸ್ತಿ ಇದ್ದಷ್ಟೂ ಕೆಡಲು ಸರಕು ಜಾಸ್ತಿ.

ದುಡ್ಡಿಲ್ಲದ ಪರೀಕ್ಷೆ: ತುಂಬಿಸಿದ ಬಾಟಲಿಗಳಲ್ಲಿ ಗ್ಯಾಸ್ ಹಿಡಿದ ಮೇಲೆ ಒಂದನ್ನು ಫ್ರಿಜ್‌ನಲ್ಲಿಡಿ, ಇನ್ನೊಂದನ್ನು ಹೊರಗಿಡಿ. ಎರಡು ವಾರ ಬಿಟ್ಟು ಎರಡನ್ನೂ ಸಮ ತಣ್ಣಗೆ ಮಾಡಿ ಪಕ್ಕಪಕ್ಕ ಸುರಿಯಿರಿ. ಹೊರಗಿದ್ದದ್ದು ಎದ್ದು ಕಾಣುವಷ್ಟು ಕಪ್ಪಾಗಿದ್ದರೆ ಒಳಗೆ ಗಾಳಿ ಸೇರಿದೆ. ಶಾಖ ಆ ಕೆಲಸವನ್ನು ಚುರುಕು ಮಾಡುತ್ತದೆ ಅಷ್ಟೆ.

ಗಾಳಿ ನುಗ್ಗುವ ಬಾಗಿಲುಗಳನ್ನು ಅಗ್ಗದಿಂದ ದುಬಾರಿಯ ಕಡೆಗೆ ಮುಚ್ಚುತ್ತಾ ಹೋಗಿ. ಬಾಟಲಿಯ ಕೊರಳಲ್ಲಿ ನಾಲ್ಕು ಬೆರಳು ಜಾಗ ಬಿಡುವ ಅಭ್ಯಾಸವಿದ್ದರೆ ನಿಲ್ಲಿಸಿ, ಒಂದೆರಡು ಸೆಂಟಿಮೀಟರ್ ಸಾಕು. ಬಿಯರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುಮ್ನೆ ವರ್ಗಾಯಿಸಬೇಡಿ. "ಸೆಕೆಂಡರಿ" ಪಾತ್ರೆ ಐಪಿಎಗೆ ಬೇಕಿಲ್ಲ. ಪೈಪಿನ ತುದಿ ಯಾವಾಗಲೂ ತಳಕ್ಕೆ ಮುಟ್ಟಿರಲಿ, ಬಿಯರ್ ಮೇಲಿಂದ ಧುಮುಕಬಾರದು. ಡ್ರೈ ಹಾಪ್ ಹಾಕಲು ಮುಚ್ಚಳ ತೆರೆಯಲೇಬೇಕಲ್ವಾ? ಹಾಗಾದರೆ ಗ್ರ್ಯಾವಿಟಿ ಇನ್ನೂ 0.003, 0.004 ಇಳಿಯುವುದು ಬಾಕಿ ಇರುವಾಗಲೇ ಹಾಕಿ. ಆಗ ಎಚ್ಚರವಾಗಿರುವ ಯೀಸ್ಟ್ ಒಳಬಂದ ಆಮ್ಲಜನಕವನ್ನು ತಾನೇ ನುಂಗುತ್ತದೆ.

ಹಲವರ ಕಣ್ಣಿಗೆ ಬೀಳದ ಬಾಗಿಲು ಒಂದಿದೆ: ಕೋಲ್ಡ್ ಕ್ರ್ಯಾಶ್, ಅಂದರೆ ತುಂಬಿಸುವ ಮೊದಲು ಬಿಯರನ್ನು ಚೆನ್ನಾಗಿ ತಣಿಸುವುದು. 20 ಡಿಗ್ರಿಯ ಫರ್ಮೆಂಟರನ್ನು (ಹುದುಗಿಸುವ ಪಾತ್ರೆ) 2 ಡಿಗ್ರಿಗೆ ಇಳಿಸಿದಾಗ ಒಳಗಿನ ಅನಿಲ ಕುಗ್ಗುತ್ತದೆ, ಏರ್‌ಲಾಕ್ (ಅನಿಲ ಹೊರಬಿಡುವ ಕವಾಟ) ಮೂಲಕ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹುದುಗು ಜೋರಾಗಿರುವಾಗ ಬರುವ ಅನಿಲವನ್ನೇ ಒಂದು ಶುದ್ಧ ಬಲೂನಿಗೆ ತುಂಬಿಸಿಟ್ಟು, ತಣಿಸುವಾಗ ಅದನ್ನು ಏರ್‌ಲಾಕ್ ಜಾಗದಲ್ಲಿ ಸಿಕ್ಕಿಸಿ. ಪುಡಿಗಾಸಿನ ಪರಿಹಾರ.

ಇಷ್ಟಾದರೂ ಬಣ್ಣ ತಿರುಗುತ್ತಿದ್ದರೆ ಕೆಗ್‌ಗೆ (ಬಿಯರ್ ತುಂಬುವ ಲೋಹದ ಪೀಪಾಯಿ) ಹೋಗುವ ಸಮಯ ಬಂದಿದೆ. ಕೆಗ್ಗನ್ನು ಸ್ಟಾರ್‌ಸ್ಯಾನ್ (ಆಮ್ಲದ ಸ್ಯಾನಿಟೈಸರ್) ದ್ರಾವಣದಿಂದ ಕಂಠಮಟ್ಟ ತುಂಬಿ, ಅದನ್ನು ಕಾರ್ಬನ್ ಡೈಆಕ್ಸೈಡ್‌ನಿಂದ ಪೂರ್ತಿ ಹೊರಗೆ ತಳ್ಳಿ, ಆಮೇಲೆ ಮುಚ್ಚಿದ ಪೈಪಿನಲ್ಲೇ ಬಿಯರ್ ಒಳಗೆ ಬಿಡಿ. ಮುಚ್ಚಳ ತೆಗೆದು ಮೇಲಿಂದ ಒಂದಿಷ್ಟು ಅನಿಲ ಊದಿದರೆ ಅದು ಹೊದಿಕೆಯ ಹಾಗೆ ಕೂರುತ್ತದೆ ಅನ್ನುವುದನ್ನು ನಂಬಬೇಡಿ. ಅನಿಲಗಳು ಬೆರೆತುಹೋಗುತ್ತವೆ.

ಎಚ್ಚರ: ಗಾಜಿನ ಕಾರ್ಬಾಯ್‌ಗೆ (ಹುದುಗಿಸುವ ದೊಡ್ಡ ಜಾಡಿ) ಅನಿಲದ ಒತ್ತಡ ಕೊಟ್ಟು ಬಿಯರ್ ತಳ್ಳಬೇಡಿ. ಒಡೆದರೆ ಕೈಕಾಲು ಸೀಳುತ್ತದೆ. ಸಿಲಿಂಡರನ್ನು ಬೀಳದ ಹಾಗೆ ಕಟ್ಟಿ ನಿಲ್ಲಿಸಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಸೋರಿಕೆ ನೋಡಿ. ಸಣ್ಣ ಮುಚ್ಚಿದ ಕೋಣೆಯಲ್ಲಿ ತಲೆನೋವು, ಏದುಸಿರು ಬಂದರೆ ಸೋರಿಕೆ ಹುಡುಕುತ್ತಾ ನಿಲ್ಲಬೇಡಿ, ಮೊದಲು ಹೊರಗೆ ಬನ್ನಿ.

ಲಕ್ಷಣ: ಮೊದಲ ದಿನದಿಂದಲೇ ಪರಿಮಳ ಇಲ್ಲ

ಬಣ್ಣ ಚೆನ್ನಾಗಿದೆ, ಪರಿಮಳ ಮಾತ್ರ ಮಂಕು. ಗ್ಲಾಸನ್ನು ಹತ್ತು ನಿಮಿಷ ಮೇಜಿನ ಮೇಲೆ ಬಿಟ್ಟು ಮತ್ತೆ ಮೂಸಿ. 2, 3 ಡಿಗ್ರಿಯಲ್ಲಿ ಯಾವ ಐಪಿಎಯೂ ಬಾಯಿ ಬಿಡುವುದಿಲ್ಲ. 8, 10 ಡಿಗ್ರಿಗೆ ಬಂದಾಗ ಪರಿಮಳ ಎದ್ದರೆ ನಿಮ್ಮ ಬಿಯರ್ ಸರಿ ಇದೆ, ಫ್ರಿಜ್ ಜಾಸ್ತಿ ತಣ್ಣಗಿದೆ.

ಆಮೇಲೆ ಹಾಪ್ಸ್ ಪೊಟ್ಟಣ. ಅಮೆರಿಕದ ಹಾಪ್ಸ್ ಕೊಯ್ಲು ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ. ಪೊಟ್ಟಣದ ಮೇಲೆ ಕೊಯ್ಲಿನ ವರ್ಷ ಇದೆಯಾ ನೋಡಿ. ಎರಡು ಪೆಲೆಟ್ (ಒತ್ತಿ ಮಾಡಿದ ಹಾಪ್ಸ್ ಗುಳಿಗೆ) ಅಂಗೈಯಲ್ಲಿ ಉಜ್ಜಿ. ಬಣ್ಣ ಹಸಿರಾಗಿ, ವಾಸನೆ ಹಣ್ಣು, ರಾಳದ ಹಾಗಿರಬೇಕು. ಕಂದಾಗಿದ್ದು ಹಳೇ ಚೀಸ್ ಅಥವಾ ಬೆವರಿದ ಸಾಕ್ಸ್ ವಾಸನೆ ಬಂದರೆ ಎಸೆಯಿರಿ. ತೆರೆದ ಪೊಟ್ಟಣವನ್ನು ಗಾಳಿ ತೆಗೆದು ಫ್ರೀಜರ್‌ನಲ್ಲಿಡಿ, ಅಡುಗೆಮನೆ ಕಪಾಟಿನಲ್ಲಲ್ಲ.

ಪ್ರಮಾಣದ ಬಗ್ಗೆ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು ಕ್ಯಾಸ್ಕೇಡ್ ಹಾಪ್ಸ್ ಮೇಲೆ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಲೀಟರಿಗೆ 8 ಗ್ರಾಂ ದಾಟಿದ ಮೇಲೆ ಪರಿಮಳ ಅದೇ ಅನುಪಾತದಲ್ಲಿ ಏರಲಿಲ್ಲ, ಬದಲಿಗೆ ಗಿಡಮೂಲಿಕೆ, ಟೀ ಸೊಪ್ಪಿನಂಥ ಗುಣ ಮುಂದೆ ಬಂತು. ಲೀಟರಿಗೆ 4ರಿಂದ 8 ಗ್ರಾಂ ಒಳ್ಳೆ ವ್ಯಾಪ್ತಿ. ನಮ್ಮ 120 ಗ್ರಾಂ ಅದರ ನಡುವೆ ಕೂರುತ್ತದೆ. ನೀವು 100 ಗ್ರಾಂ ಹಾಕಿಯೂ ಏನೂ ಬರದಿದ್ದರೆ 250 ಹಾಕಿದರೂ ಬರುವುದಿಲ್ಲ. ಹಾಪ್ಸನ್ನು ಬಿಗಿಯಾಗಿ ಚೀಲದಲ್ಲಿ ಕಟ್ಟಿದ್ದೀರಾ? ಪೆಲೆಟ್ ಊದಿಕೊಂಡು ನಡುವಿನದ್ದು ಒಣಗಿಯೇ ಉಳಿದಿರುತ್ತದೆ. ಚೀಲ ದೊಡ್ಡದಾಗಲಿ, ಇಲ್ಲವೇ ಚೀಲವೇ ಬೇಡ. ಎರಡು ಮೂರು ದಿನ ಸಾಕು, ಹತ್ತು ದಿನ ಬಿಟ್ಟರೆ ಹುಲ್ಲಿನ ವಾಸನೆ ಬರಬಹುದು.

ಲಕ್ಷಣ: ಕಹಿ ಒರಟು, ಗಂಟಲು ಹಿಡಿಯುತ್ತದೆ

ಮೂರು ಬೇರೆ ಬೇರೆ ದೂರುಗಳನ್ನು ಜನ "ಕಹಿ ಜಾಸ್ತಿ" ಅಂತ ಒಂದೇ ಹೆಸರಲ್ಲಿ ಹೇಳುತ್ತಾರೆ.

ಕೆಗ್ಗಿನ ಮೊದಲ ಗ್ಲಾಸುಗಳು ಸರಿಯಾಗಿ ಬೇಯದ ಕೆಸುವಿನ ಸೊಪ್ಪು ತಿಂದ ಹಾಗೆ ಗಂಟಲು ಕೆರೆಯುತ್ತವೆಯಾ? ಅದು ತೇಲುತ್ತಿರುವ ಹಾಪ್ಸ್ ಕಣ. ಏನೂ ಮಾಡಬೇಡಿ. 2 ಡಿಗ್ರಿಯಲ್ಲಿ ಒಂದು ವಾರ ಅಲುಗಾಡಿಸದೆ ಬಿಡಿ, ತಳಕ್ಕೆ ಕೂರುತ್ತದೆ. ಮುಂದಿನ ಸಲ ತುಂಬಿಸುವ ಮೊದಲೇ ಎರಡು ದಿನ ತಣಿಸಿ.

ಕಣ ಕೂತ ಮೇಲೂ ಬಾಯಿ ಒಣಗಿದ ಹಾಗೆ ಒಗರು ಉಳಿದರೆ ಮಾಲ್ಟ್ ಹೊಟ್ಟಿನ ಕಡೆ ತಿರುಗಿ. ಮ್ಯಾಶ್ ಪಿಎಚ್ 5.2ರಿಂದ 5.5ರ ಒಳಗಿರಬೇಕು. ಕೊನೆಯಲ್ಲಿ ಕಾಳನ್ನು 77 ಡಿಗ್ರಿಗಿಂತ ಬಿಸಿ ನೀರಿನಲ್ಲಿ, ಅದೂ ಗಡುಸು ನೀರಿನಲ್ಲಿ ತೊಳೆದರೆ ಹೊಟ್ಟಿನ ಒಗರು ಇಳಿದು ಬರುತ್ತದೆ.

ಇನ್ನು ನಿಜವಾದ ಕಹಿ, ನುಂಗಿದ ಮೇಲೂ ನಾಲಿಗೆ ಮೇಲೆ ಅಂಟಿ ಕೂರುವುದು. ಇಲ್ಲಿ ನೀರು ನೋಡದೆ ಹಾಪ್ಸ್ ಕಡಿಮೆ ಮಾಡಬೇಡಿ. ನಿಮ್ಮ ಊರಿನ ನೀರಿನ ವರದಿ ಪುಕ್ಕಟೆ ಸಿಗುತ್ತದೆ. ಸ್ಯಾನ್ ಡಿಯಾಗೋ ನೀರು ಗಡುಸು, ಅದರಲ್ಲಿ ಸಲ್ಫೇಟ್ ಆಗಲೇ ಸಾಕಷ್ಟಿದೆ. ಪೋರ್ಟ್‌ಲ್ಯಾಂಡ್‌ನ ಬುಲ್ ರನ್ ನೀರು ತೀರಾ ಮೃದು. ಒಂದೇ ರೆಸಿಪಿ ಈ ಎರಡು ಊರಲ್ಲಿ ಒಂದೇ ರುಚಿ ಕೊಡಲು ಸಾಧ್ಯವೇ ಇಲ್ಲ. ಸಲ್ಫೇಟ್ ಕಹಿಯನ್ನು ಚೂಪು ಮಾಡುತ್ತದೆ, ಕ್ಲೋರೈಡ್ ದುಂಡಗೆ ಮಾಡುತ್ತದೆ. ಊರ ನೀರನ್ನು ಬಿಟ್ಟು ಅಂಗಡಿಯ ಆರ್‌ಒ ನೀರಿನಿಂದ ಒಮ್ಮೆ ಮಾಡಿ ನೋಡಿ. 30 ಲೀಟರಿಗೆ 8 ಗ್ರಾಂ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್), 3 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಸಲ್ಫೇಟ್ ಸುಮಾರು 150, ಕ್ಲೋರೈಡ್ ಸುಮಾರು 50 ಪಿಪಿಎಂ ಆಗುತ್ತದೆ. ಹೇಜಿ ಬೇಕಿದ್ದರೆ ಈ ಅನುಪಾತವನ್ನು ತಲೆಕೆಳಗು ಮಾಡಿ. ಈ ಒಂದು ಬ್ಯಾಚ್ ಹೇಳುವಷ್ಟನ್ನು ಹತ್ತು ಹಾಪ್ಸ್ ತಳಿ ಬದಲಿಸಿದರೂ ಹೇಳಲಾರವು.

ನೀರೂ ಸರಿ ಇದ್ದರೆ ಆಗ ಒಲೆ ಆರಿಸಿದ ಮೇಲಿನ ಹಾಪ್ಸ್ ನೋಡಿ. 95 ಡಿಗ್ರಿಯಲ್ಲಿ ಅರ್ಧ ಗಂಟೆ ನೆನೆದ 60 ಗ್ರಾಂ, ಲೆಕ್ಕದಲ್ಲಿ ಕಾಣದಷ್ಟು ಕಹಿ ಬಿಡುತ್ತದೆ. ಮೊದಲು 80ಕ್ಕೆ ಇಳಿಸಿ, ಆಮೇಲೆ ಹಾಕಿ.

ಲಕ್ಷಣ: ಸಿಹಿ, ಭಾರ, ಎರಡನೇ ಗ್ಲಾಸ್ ಬೇಡ ಅನ್ನಿಸುತ್ತದೆ

ಹೈಡ್ರೋಮೀಟರ್ 1.018, 1.020 ತೋರಿಸುತ್ತಿದ್ದರೆ ಮ್ಯಾಶ್ ತಾಪಮಾನ ಏರಿರಬೇಕು, ಅಥವಾ ಯೀಸ್ಟ್ ಸುಸ್ತಾಗಿದೆ. ಫರ್ಮೆಂಟರನ್ನು 21 ಡಿಗ್ರಿಗೆ ತಂದು, ಮೆಲ್ಲಗೆ ತಿರುಗಿಸಿ ತಳದ ಯೀಸ್ಟ್ ಎಬ್ಬಿಸಿ, ಮೂರು ದಿನ ಕಾಯಿರಿ. ಆದರೆ ಗ್ರ್ಯಾವಿಟಿ 1.011ರಲ್ಲೇ ಇದ್ದೂ ಸಿಹಿ ಅನ್ನಿಸಿದರೆ ಅದು ಕ್ರಿಸ್ಟಲ್ ಮಾಲ್ಟ್ (ಕ್ಯಾರಮೆಲ್ ಸಿಹಿ ಕೊಡುವ ಮಾಲ್ಟ್) ಕೆಲಸ. ಒಟ್ಟು ಮಾಲ್ಟಿನಲ್ಲಿ 5% ಮೀರಿದ್ದರೆ ಇಳಿಸಿ. ನನಗೆ ಕೇಳಿದರೆ ವೆಸ್ಟ್ ಕೋಸ್ಟ್‌ಗೆ ಅದು ಬೇಡವೇ ಬೇಡ.

ಬಿಯರ್ ಕುಡಿದರೆ ಎದೆ ಸುಡುವ ಹಾಗೆ ಬಿಸಿ ಆಲ್ಕೋಹಾಲ್ ಅನಿಸುತ್ತಾ? ಹುದುಗುವಾಗ ಒಳಗಿನ ತಾಪಮಾನ ಕೋಣೆಗಿಂತ ಹಲವು ಡಿಗ್ರಿ ಮೇಲಿರುತ್ತದೆ. ಥರ್ಮಾಮೀಟರನ್ನು ಗೋಡೆಗಲ್ಲ, ಫರ್ಮೆಂಟರ್ ಮೈಗೆ ಅಂಟಿಸಿ. ಮೊದಲ ಮೂರು ದಿನ 18ರಿಂದ 20 ಡಿಗ್ರಿ ಇರಲಿ.

ಲಕ್ಷಣ: ಬೆಣ್ಣೆ ವಾಸನೆ, ಮತ್ತು ಬಾಟಲಿ ತೆರೆದರೆ ನೊರೆ ಉಕ್ಕುತ್ತದೆ

ಇಲ್ಲಿ ನಿಧಾನವಾಗಿ ಓದಿ. ಈ ಕೈಪಿಡಿಯಲ್ಲಿ ಮೈಗೆ ಅಪಾಯ ತರುವ ಲಕ್ಷಣ ಇದು.

ಹುದುಗು ಮುಗಿಯಿತು, ಗ್ರ್ಯಾವಿಟಿ ನಿಂತಿತು ಅಂತ ಡ್ರೈ ಹಾಪ್ ಹಾಕುತ್ತೀರಿ. ಹಾಪ್ಸ್‌ನಲ್ಲಿ ಸ್ವಲ್ಪ ಕಿಣ್ವಗಳಿವೆ. ಯೀಸ್ಟ್ ತಿನ್ನಲಾರದೆ ಬಿಟ್ಟ ದೊಡ್ಡ ಸಕ್ಕರೆಗಳನ್ನು ಅವು ಮುರಿದು ಕೊಡುತ್ತವೆ. ಯೀಸ್ಟ್ ಮತ್ತೆ ಎದ್ದು ಕೂರುತ್ತದೆ. ಬ್ರೂವರ್‌ಗಳು ಇದನ್ನು ಹಾಪ್ ಕ್ರೀಪ್ ಅನ್ನುತ್ತಾರೆ. ಹೊಸದೇನಲ್ಲ, ಇಂಗ್ಲೆಂಡಿನಲ್ಲಿ ಬ್ರೌನ್ ಮತ್ತು ಮಾರಿಸ್ 1893ರಲ್ಲೇ ಇದರ ಬಗ್ಗೆ ಬರೆದಿದ್ದರು. ಹೀಗೆ ಮತ್ತೆ ಶುರುವಾದ ಹುದುಗಿನಲ್ಲಿ ಡೈಅಸಿಟೈಲ್ ಹುಟ್ಟುತ್ತದೆ, ಅದೇ ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ. ಬಾಟಲಿ ಒಳಗೆ ಇದು ನಡೆದರೆ ಒತ್ತಡ ಏರುತ್ತದೆ. ಗ್ರ್ಯಾವಿಟಿ 0.001 ಇಳಿದರೆ ಸುಮಾರು ಅರ್ಧ ವಾಲ್ಯೂಮ್ ಅನಿಲ (ಒಂದು ವಾಲ್ಯೂಮ್ ಅಂದರೆ ಬಿಯರಿನಷ್ಟೇ ಗಾತ್ರದ ಅನಿಲ). 0.004 ಇಳಿದರೆ 2 ವಾಲ್ಯೂಮ್. ಗ್ಯಾಸ್ ಹಿಡಿಯಲೆಂದು ನೀವು ಸಕ್ಕರೆ ಹಾಕಿ ತಂದ 2.4 ವಾಲ್ಯೂಮ್ ಮೇಲೆ ಇದು ಸೇರಿದರೆ ಮಾಮೂಲಿ ಬಾಟಲಿ ತಡೆಯುವುದಿಲ್ಲ.

ತುಂಬಿಸುವ ಮೊದಲು ಮಾಡಬೇಕಾದ್ದು ಇಷ್ಟು. ಡ್ರೈ ಹಾಪ್ ಹಾಕಿದ ಮೇಲೂ ಗ್ರ್ಯಾವಿಟಿ ಅಳೆಯಿರಿ, ಎರಡು ಮೂರು ದಿನದ ಅಂತರದಲ್ಲಿ ಎರಡು ಸಲ. ಬದಲಾಗಿರಬಾರದು. ಆಮೇಲೆ ಅರ್ಧ ಲೋಟ ಬಿಯರನ್ನು ಮುಚ್ಚಿದ ಪಾತ್ರೆಯಲ್ಲಿ 60ರಿಂದ 70 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು, ತಣಿಸಿ, ಬಿಸಿ ಮಾಡದ ಇನ್ನೊಂದು ಲೋಟದ ಪಕ್ಕ ಮೂಸಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ವಾಸನೆ ಬಂದರೆ ಇನ್ನೂ ಟೈಮ್ ಬೇಕು. 20 ಡಿಗ್ರಿಯಲ್ಲೇ ಬಿಟ್ಟು ಮೂರು ದಿನ ಕಳೆದು ಮತ್ತೆ ನೋಡಿ. ಸಕ್ಕರೆಯನ್ನು ಚಮಚದಲ್ಲಲ್ಲ, ತಕ್ಕಡಿಯಲ್ಲಿ ತೂಗಿ: 19 ಲೀಟರಿಗೆ ಮಾಮೂಲಿ ಸಕ್ಕರೆ ಸುಮಾರು 110 ಗ್ರಾಂ.

ಈಗಾಗಲೇ ತುಂಬಿಸಿ, ಒಂದು ಬಾಟಲಿ ಸಿಡಿದಿದ್ದರೆ ಅಥವಾ ಜೋರಾಗಿ ಉಕ್ಕಿದರೆ ಅಲ್ಲಿಗೆ ಪರೀಕ್ಷೆ ಸಾಕು. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಗ್ಲೌಸ್, ಉದ್ದ ತೋಳಿನ ಬಟ್ಟೆ. ಮಕ್ಕಳನ್ನು, ಸಾಕುಪ್ರಾಣಿಗಳನ್ನು ಆ ಕೋಣೆಯಿಂದ ದೂರ ಕಳಿಸಿ. ಪೆಟ್ಟಿಗೆಯ ಮೇಲೆ ದಪ್ಪ ಟವೆಲ್ ಹೊದಿಸಿ, ಆದಷ್ಟು ಕಡಿಮೆ ಅಲುಗಾಡಿಸಿ ಫ್ರಿಜ್‌ಗೆ ಸೇರಿಸಿ. ಪೂರ್ತಿ ತಣ್ಣಗಾದ ಮೇಲೆ ಟವೆಲ್ ಸುತ್ತಿ ಒಂದೊಂದಾಗಿ ತೆರೆದು ಚೆಲ್ಲಿ. ಉಳಿಸಿಕೊಳ್ಳುವ ಆಸೆ ಬೇಡ.

ಮೂಗು ಹೇಳುವ ಇನ್ನು ಕೆಲವು

ಡೆಟಾಲ್, ಬ್ಯಾಂಡ್‌ಏಡ್ ವಾಸನೆ ನಲ್ಲಿ ನೀರಿನ ಕ್ಲೋರಿನ್ ಅಥವಾ ಕ್ಲೋರಮೈನ್‌ನಿಂದ. ಸ್ಯಾನ್ ಫ್ರಾನ್ಸಿಸ್ಕೊದಂಥ ಊರುಗಳಲ್ಲಿ ಇರುವುದು ಕ್ಲೋರಮೈನ್. ರಾತ್ರಿಯಿಡೀ ತೆರೆದಿಟ್ಟರೂ ಅದು ಹೋಗುವುದಿಲ್ಲ. ಕ್ಯಾಂಪ್ಡೆನ್ (ಸಲ್ಫೈಟ್) ಮಾತ್ರೆ ಒಂದು 75 ಲೀಟರಿಗೆ ಸಾಕು, 30 ಲೀಟರಿಗೆ ಅರ್ಧ ಪುಡಿ ಮಾಡಿ ಹಾಕಿ. ಆಸ್ತಮಾ ಇದ್ದವರು ಆ ಪುಡಿಯನ್ನು ಮೂಸಬೇಡಿ.

ಸ್ಕಂಕ್ ವಾಸನೆ ಬೆಳಕಿನಿಂದ. ಬಿಸಿಲಿಗೆ ಕೆಲವೇ ನಿಮಿಷ ಸಾಕು. ಕಂದು ಬಾಟಲಿ, ಕತ್ತಲೆ ಜಾಗ. ಆದದ್ದನ್ನು ಸರಿಪಡಿಸಲಾಗದು. ಕೊಳೆತ ಮೊಟ್ಟೆ ವಾಸನೆ ಹುದುಗುವಾಗ ಬಂದರೆ ಗಾಬರಿ ಬೇಡ, ಸಾಮಾನ್ಯವಾಗಿ ತಾನೇ ಹೋಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಆದರೆ ಹಾಪ್ಸ್‌ನದ್ದೇ. ಸಮಿಟ್ ಇದಕ್ಕೆ ಹೆಸರುವಾಸಿ, ತಡವಾಗಿ ಕೊಯ್ದ ಮೊಸಾಯಿಕ್‌ನಲ್ಲೂ ಬರುತ್ತದೆ. ಇಲ್ಲಿ ಮಾತ್ರ ತಳಿ ಬದಲಿಸುವುದು ಸರಿಯಾದ ಉತ್ತರ.

ಹುಳಿ, ಮೇಲೆ ಬಿಳಿ ಪೊರೆ ಕಂಡರೆ ಸೋಂಕು. ಚೆಲ್ಲಿ. ಪ್ಲಾಸ್ಟಿಕ್ ಪೈಪು, ನಲ್ಲಿ, ರಬ್ಬರ್ ಬಿರಡೆ ಹೊಸದು ತನ್ನಿ. ಬ್ಲೀಚ್ ಮತ್ತು ಆಮ್ಲದ ಸ್ಯಾನಿಟೈಸರ್ ಎಂದೂ ಬೆರೆಸಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ನಾಯಿ ಇರುವ ಮನೆಯಲ್ಲಿ ಬಳಸಿದ ಹಾಪ್ಸನ್ನು ತೋಟಕ್ಕೆ ಚೆಲ್ಲಬೇಡಿ. ನಾಯಿಗಳಿಗೆ ಅದು ವಿಷ, ಮೈ ವಿಪರೀತ ಬಿಸಿಯೇರಿ ಸಾಯಬಹುದು. ತಿಂದಿದೆ ಅನ್ನಿಸಿದರೆ ಲಕ್ಷಣಕ್ಕೆ ಕಾಯದೆ ಪಶುವೈದ್ಯರ ಬಳಿ ಓಡಿ. ಪ್ರೊಪೇನ್ ಒಲೆಯನ್ನು ಮುಚ್ಚಿದ ಗ್ಯಾರೇಜಿನಲ್ಲಿ ಹಚ್ಚಬೇಡಿ, ಚಳಿಗಾಲದಲ್ಲಿ ಎಷ್ಟೇ ಆಸೆಯಾದರೂ.

ಎಲ್ಲವೂ ಸರಿ ಇದೆ, ಆದರೂ ತೃಪ್ತಿ ಇಲ್ಲ

ಈಗ ರೆಸಿಪಿ ಮುಟ್ಟಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ. 19 ಲೀಟರ್ ವರ್ಟ್ (ಹುದುಗುವ ಮೊದಲಿನ ಮಾಲ್ಟ್ ರಸ) ಮಾಡಿ, ಹುದುಗು ಮುಗಿಯುವ ಹೊತ್ತಿಗೆ ನಾಲ್ಕು ಒಂದು ಗ್ಯಾಲನ್ ಜಾಡಿಗಳಿಗೆ ಹಂಚಿ ಬೇರೆ ಬೇರೆ ಡ್ರೈ ಹಾಪ್ ಹಾಕುವವರಿದ್ದಾರೆ. ಸಣ್ಣ ಜಾಡಿಯಲ್ಲಿ ಗಾಳಿಯ ಹಾವಳಿ ಜಾಸ್ತಿ. ಹಾಗಾಗಿ ಅದನ್ನು ಬೇಗ ಕುಡಿದು ತೀರ್ಪು ಕೊಡಬೇಕು, ಮೂರು ವಾರ ಇಟ್ಟು ಅಲ್ಲ.

ಬದಲಾವಣೆ ನಿಜಕ್ಕೂ ಗೊತ್ತಾಗುತ್ತದಾ ಎಂದು ತಿಳಿಯಲು ಮೂರು ಲೋಟದ ಪರೀಕ್ಷೆ ಇದೆ. ಎರಡರಲ್ಲಿ ಹಳೆಯದು, ಒಂದರಲ್ಲಿ ಹೊಸದು. ಬೇರೆ ಯಾವುದು ಅಂತ ಕಂಡುಹಿಡಿಯಲು ಗೆಳೆಯರಿಗೆ ಹೇಳಿ. ಬಣ್ಣ ಕಾಣದ ಲೋಟ ಕೊಡಿ. ಸುಮ್ನೆ ಊಹಿಸಿದರೂ ಮೂವರಲ್ಲಿ ಒಬ್ಬರು ಸರಿ ಹೇಳುತ್ತಾರೆ. 12 ಜನರಲ್ಲಿ 8 ಜನ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ಇದೆ ಅನ್ನಿ. ಅಷ್ಟು ಜನ ಸಿಗದಿದ್ದರೆ ಒಬ್ಬರಿಗೇ ಹಲವು ಸಲ, ಲೋಟಗಳ ಜಾಗ ಬದಲಿಸಿ ಕೊಡಿ. ಆದರೆ ನಾಲ್ಕನೇ ಸುತ್ತಿಗೆ ನಾಲಿಗೆ ಮರಗಟ್ಟಿರುತ್ತದೆ ಅನ್ನುವುದು ನೆನಪಿರಲಿ.

ಎರಡು ಬ್ಯಾಚ್‌ನಲ್ಲಿ ಅದೇ ದೋಷ ಮರುಕಳಿಸಿ, ಏನೆಂದು ತಿಳಿಯದಿದ್ದರೆ ಒಬ್ಬರೇ ತಲೆ ಕೆಡಿಸಿಕೊಳ್ಳಬೇಡಿ. ಹತ್ತಿರದ ಹೋಮ್‌ಬ್ರೂ ಕ್ಲಬ್‌ಗೆ ಎರಡು ಬಾಟಲಿ ಒಯ್ಯಿರಿ. ಲಾಸ್ ಏಂಜಲೀಸ್‌ನ ಮಾಲ್ಟೋಸ್ ಫಾಲ್ಕನ್ಸ್ ಕ್ಲಬ್ 1974ರಿಂದ ನಡೆಯುತ್ತಿದೆ, ಅಂಥವು ಬಹುತೇಕ ಎಲ್ಲ ದೊಡ್ಡ ಊರಲ್ಲೂ ಇವೆ. ಬಿಜೆಸಿಪಿ (ಬಿಯರ್ ತೀರ್ಪುಗಾರರಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ) ತೀರ್ಪುಗಾರರು ಇರುವ ಸ್ಪರ್ಧೆಗೆ ಕಳಿಸಿದರೆ ದೋಷವನ್ನು ಬರೆದ ಹಾಳೆ ಮನೆಗೆ ಬರುತ್ತದೆ. ನೀರಿನ ಮೇಲೆ ಅನುಮಾನವಿದ್ದರೆ ಒಂದು ಪ್ರಯೋಗಾಲಯಕ್ಕೆ ಮಾದರಿ ಕಳಿಸಿ, ನೆಬ್ರಾಸ್ಕಾದ ವಾರ್ಡ್ ಲ್ಯಾಬ್ಸ್ ಬ್ರೂವರ್‌ಗಳಿಗೆಂದೇ ಪರೀಕ್ಷೆ ಮಾಡಿಕೊಡುತ್ತದೆ. ಬಾಟಲಿ ಒಯ್ಯುವಾಗ ಮಾಡಿದ ತಾರೀಕು, ತುಂಬಿಸಿದ ತಾರೀಕು, ಎರಡೂ ಗ್ರ್ಯಾವಿಟಿ, ಎಲ್ಲಿ ಇಟ್ಟಿದ್ದಿರಿ ಅನ್ನುವುದನ್ನು ಚೀಟಿಯಲ್ಲಿ ಬರೆದು, ಬೇರೆ ಲಕೋಟೆಯಲ್ಲಿಡಿ. ಅವರು ಕುಡಿದು ಹೇಳಿದ ಮೇಲೆ ತೆರೆಯಿರಿ.